ಗೌರಕ್ಕ ಹಚ್ಚಿದ ಬೆಂಕಿ

ಗೌರಕ್ಕ ಹುಟ್ಟಿದ್ದು ಪರಿಗಿಯ ಕಡೆ, ಕೆರೆಯ ಕೆಳಗಿನ ಒಂದು ಊರಿನಲ್ಲಿ. ಅಲ್ಲಿ ಕಣ್ಣೆತ್ತಿದರೆ ಕಬ್ಬು, ಭತ್ತ, ತೆಂಗು. ಮದುವೆಯಾಗಿ ಗುಡ್ಡಂಪಲ್ಲಿಗೆ ಬಂದ ದಿನ ಬಸ್ಸಿಳಿದು, ಎದುರಿಗೆ ನಿಂತಿದ್ದ ನೆಮಲಿಗುಡ್ಡವನ್ನು ನೋಡಿ, "ಇದೇನು, ಇಷ್ಟು ನೆಲಾನ ಯಾರೂ ಉಳ್ದೆ ಬಿಟ್ಬುಟ್ಟವ್ರೆ?" ಎಂದು ಗಂಡನನ್ನು ಕೇಳಿದ್ದಳು. ಕೊಂಡಪ್ಪ ನಕ್ಕು, "ನಮ್ ಹೊಲ ಅದೇ ಕಣೆ" ಎಂದಿದ್ದ.

ಅವನು ಹೇಳಿದ್ದು ತಮಾಷೆಯಲ್ಲವೆಂದು ಅವಳಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ನಡೆದರೆ ಸಿಗುವ ಆ ಊರಿನಲ್ಲಿ, ಕಡಲೆಕಾಯಿ ಕಿತ್ತಾದ ಮೇಲೆ ಗಂಡಸರು ಹೆಂಗಸರೆಲ್ಲ ಕೊಡಲಿ ಹಿಡಿಯುತ್ತಿದ್ದರು. ಅರಣ್ಯ ಇಲಾಖೆ ಗುಡ್ಡವನ್ನು ತುಂಡು ತುಂಡಾಗಿ ಗುರುತು ಮಾಡಿ, ವರ್ಷಕ್ಕೊಂದು ತುಂಡನ್ನು ಕಡಿಯಲು ಗುತ್ತಿಗೆ ಕೊಡುತ್ತಿತ್ತು. ಆ ತುಂಡಿಗೆ ಕೂಪು ಎನ್ನುತ್ತಿದ್ದರು. ಕಮರ, ದಿಂಡಿಗ, ತುಗ್ಗಲಿ ಮರಗಳನ್ನು ಬುಡಕ್ಕೆ ಕಡಿದು, ಬೊಡ್ಡೆಯನ್ನು ಮತ್ತೆ ಚಿಗುರಲು ಬಿಟ್ಟು, ಸೌದೆಯನ್ನು ಲಾರಿಗೆ ತುಂಬಿದರೆ ಅದು ಹಿಂದೂಪುರ ಸೇರುತ್ತಿತ್ತು. ಅಲ್ಲಿನ ಇಟ್ಟಿಗೆ ಗೂಡುಗಳಿಗೂ ರೇಷ್ಮೆಗೂಡು ಬೇಯಿಸುವ ಒಲೆಗಳಿಗೂ ಎಷ್ಟು ಸೌದೆ ಹೋದರೂ ಸಾಲುತ್ತಿರಲಿಲ್ಲ. ಗುತ್ತಿಗೆದಾರ ಸೀತಾರಾಮಪ್ಪ ಹಿಂದೂಪುರದವನು. ಅಪ್ಪನ ಕಾಲದ ಮಗ್ಗ ಬಿಟ್ಟು ಸೌದೆ ಡಿಪೋ ಇಟ್ಟಿದ್ದ. ಕೊಂಡಪ್ಪ ಅವನ ಕೂಲಿಯಾಳುಗಳಿಗೆ ಮೇಸ್ತ್ರಿ.

ಗೌರಕ್ಕನಿಗೆ ಕೊಡಲಿ ಹಿಡಿಯಲು ಕಲಿಸಿದವಳು ಪಕ್ಕದ ಮನೆಯ ಚಿನ್ನಕ್ಕ, ಕುರಿ ಸಾಕುವ ನರಸಿಂಹಯ್ಯನ ಹೆಂಡತಿ. ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ಮಾತಿನಲ್ಲಿ ಬಹಳ ದೊಡ್ಡವಳು. ಗೌರಕ್ಕನ ಎರಡೂ ಹೆರಿಗೆ ಅವಳೇ ಮಾಡಿಸಿದ್ದಳು. ಕೂಪಿನಲ್ಲಿ ಕೊಂಬೆ ಸವರುವಾಗ ಇಬ್ಬರೂ ಒಂದೇ ಮರಕ್ಕೆ ಬೀಳುತ್ತಿದ್ದರು. ಉಂಡ ಮೇಲೆ ಬಂಡೆಯ ಮರೆಯಲ್ಲಿ ಕೂತು ಚಿನ್ನಕ್ಕ ಎಲೆಯಡಿಕೆ ಚೀಲದಿಂದ ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ತೆಗೆಯುತ್ತಿದ್ದಳು. ತಾನು ಎರಡು ದಮ್ಮು ಎಳೆದು, "ತಗಾ, ಮೈ ನೋವು ಹೋಯ್ತದೆ" ಎಂದು ಗೌರಕ್ಕನಿಗೆ ಕೊಡುತ್ತಿದ್ದಳು. ಗೌರಕ್ಕ ಕೆಮ್ಮುವುದನ್ನು ನೋಡಿ ನಗುವುದೇ ಅವಳಿಗೆ ಖುಷಿ.

ಎಪ್ಪತ್ತಾರರಲ್ಲಿ ಒಂದು ಕಮರದ ದಿಮ್ಮಿ ಇಳಿಜಾರಿನಲ್ಲಿ ಉರುಳಿ ಕೊಂಡಪ್ಪನ ಕಾಲಿನ ಮೇಲೆ ಹೋಯಿತು. ಕಾಲು ಉಳಿಯಿತು, ಆದರೆ ಮಡಚಲು ಬಾರದು. ಸೀತಾರಾಮಪ್ಪ ಅವನನ್ನು ಹಿಂದೂಪುರದ ಡಿಪೋದಲ್ಲಿ ತೂಕ ನೋಡಿಕೊಳ್ಳಲು ಇಟ್ಟುಕೊಂಡ. ಇಲ್ಲಿ ಆಳುಗಳನ್ನು ನಡೆಸುವವರು ಯಾರು ಎಂದು ಊರವರು ಮಾತಾಡುತ್ತಿರುವಾಗಲೇ ಗೌರಕ್ಕ ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕೂಪಿಗೆ ಹೋಗಿ ಯಾರು ಯಾವ ಸಾಲು ಕಡಿಯಬೇಕೆಂದು ಹಂಚಿಬಿಟ್ಟಳು. ಹೆಂಗಸು ಮೇಸ್ತ್ರಿಯೆಂದು ಒಂದು ಸುಗ್ಗಿ ನಕ್ಕರು, ಆಮೇಲೆ ಸುಮ್ಮನಾದರು.

ಮರ ಕಡಿಯುವುದು ಅರ್ಧ ಕೆಲಸ. ಲಾರಿಗೆ ಹೋಗುವುದು ದಪ್ಪ ತುಂಡುಗಳು ಮಾತ್ರ. ಸವರಿದ ಕೊಂಬೆ, ತುದಿ, ಎಲೆ ಎಲ್ಲ ನೆಲದ ಮೇಲೆಯೇ ಉಳಿಯುತ್ತಿದ್ದವು. ಹಾಗೇ ಬಿಟ್ಟರೆ ಶಿವರಾತ್ರಿಯ ಹೊತ್ತಿಗೆ ಒಣಗಿ, ಒಂದು ಕಿಡಿ ಬಿದ್ದರೂ ಸಾಕು ಎಂಬಂತಾಗುತ್ತವೆ. ಅದಕ್ಕೆ ಅವನ್ನು ಬೊಡ್ಡೆಗಳಿಂದ ದೂರಕ್ಕೆ ಎಳೆದು ಗುಡ್ಡೆ ಹಾಕಿ, ಪುಷ್ಯ ಮಾಸದಲ್ಲಿ, ಮಂಜು ಬಿದ್ದ ಬೆಳಗಿನಲ್ಲಿ ಸುಡಬೇಕಿತ್ತು. ಫಾರೆಸ್ಟ್ ಗಾರ್ಡು ಓಬುಳಪತಿ ನಿಂತು ಮಾಡಿಸುತ್ತಿದ್ದ. ಕದಿರಿ ಕಡೆಯವನು; ತೆಲುಗು ಕನ್ನಡ ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸುತ್ತಿದ್ದ, ಗದರಿಸಿದರೂ ಯಾರ ಮೇಲೂ ಸುಮ್ಮಸುಮ್ಮನೆ ಕೇಸು ಬರೆದವನಲ್ಲ. ಗೌರಕ್ಕ ಎರಡು ಚಳಿಗಾಲ ಅವನ ಮುಂದೆ ಗುಡ್ಡೆಗಳನ್ನು ಸುಟ್ಟಳು. ಅವಳಿಗೆ ಆ ಕೆಲಸ ಇಷ್ಟ. ಹಸಿ ನೆಲದ ಮೇಲೆ ಬೆಂಕಿ ಹೇಳಿದ ಮಾತು ಕೇಳುವಂತೆ ಅವಳಿಗೆ ಕಾಣುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಕೂಪು ಊರಿಗೆ ಹತ್ತಿರದ ಇಳಿಜಾರಿನಲ್ಲಿತ್ತು. ಅದರ ಕೆಳಗೆ ನರಸಿಂಹಯ್ಯನ ಕುರಿರೊಪ್ಪ: ಸುತ್ತ ಒಣಮುಳ್ಳಿನ ಬೇಲಿ, ಒಳಗೆ ಎಳೆಮರಿಗಳಿಗೆಂದು ಹುಲ್ಲು ಹೊದಿಸಿದ ಒಂದು ಗೂಡು. ಅವತ್ತು ಗುಡ್ಡೆಗಳು ಚೆನ್ನಾಗಿ ಉರಿದು ಮಧ್ಯಾಹ್ನದ ಹೊತ್ತಿಗೆ ಬೂದಿಯಾದವು. ಓಬುಳಪತಿ ಒಂದು ಸುತ್ತು ಬಂದು, "ಬಾಗುಂದಿ ಗೌರಕ್ಕ, ಚೆನ್ನಾಗಿ ಆಗಿದೆ" ಎಂದು ಸೈಕಲ್ ಹತ್ತಿದ. ಅವಳು ಆಳುಗಳಿಂದ ಗುಡ್ಡೆಗಳನ್ನು ಕೆದಕಿಸಿ ಮಣ್ಣು ಹಾಕಿಸಿದಳು. ಕೊನೆಯದೊಂದನ್ನು ಕೆದಕಿಸಲಿಲ್ಲ. ಮೇಲೆ ಬೆಳ್ಳನೆ ಬೂದಿಯಿತ್ತು, ಹೊಗೆಯಿರಲಿಲ್ಲ, ಹಿಂದೂಪುರದಿಂದ ಕೊಂಡಪ್ಪ ಬರುವ ಬಸ್ಸಿನ ಹೊತ್ತಾಗಿತ್ತು. ಆ ಬೂದಿಯ ಅಡಿಯಲ್ಲಿ ಒಂದು ಹಳೆಯ ಕಮರದ ಬೊಡ್ಡೆ ಬೇರಿನವರೆಗೂ ಕೆಂಡವಾಗಿತ್ತು.

ಮರುದಿನ ಬಿಸಿಲೇರಿದ ಮೇಲೆ ಗಾಳಿ ಎದ್ದಿತು. ಗೌರಕ್ಕ ಬಾವಿಕಟ್ಟೆಯಲ್ಲಿದ್ದಳು. ಯಾರೋ ಗುಡ್ಡದ ಕಡೆ ಕೈ ತೋರಿಸಿ ಕಿರುಚಿದರು. ಅವಳು ಕೊಡ ಬಿಸಾಡಿ ಓಡಿದಳು. ಕಿಡಿ ಒಣಹುಲ್ಲಿಗೆ ಹಾರಿ, ಬೆಂಕಿ ಇಳಿಜಾರಿನಲ್ಲಿ ಇಳಿದು ರೊಪ್ಪದ ಬೇಲಿಗೆ ಹತ್ತಿಕೊಂಡಿತ್ತು. ನರಸಿಂಹಯ್ಯ ತಾಯಿಕುರಿಗಳನ್ನು ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗಿದ್ದ. ಒಳಗೆ ಮರಿಗಳು ಕೂಗುತ್ತಿದ್ದವು. ಚಿನ್ನಕ್ಕ ಉರಿಯುವ ಮುಳ್ಳನ್ನು ಬರಿಗೈಯಲ್ಲಿ ಎಳೆಯಲು ಹೋಗುತ್ತಿದ್ದಳು. ಗೌರಕ್ಕ ಅವಳ ಸೊಂಟಕ್ಕೆ ಕೈಹಾಕಿ ಹಿಂದಕ್ಕೆಳೆದಳು.

"ಬಿಡೇ! ಬಿಡೇ ನನ್ನ!"

"ಸತ್ತೋಯ್ತೀಯ ಚಿನ್ನಕ್ಕ! ಬ್ಯಾಡ!"

ಇಬ್ಬರೂ ನೆಲಕ್ಕೆ ಬಿದ್ದರು. ಗೂಡಿನ ಹುಲ್ಲಿಗೆ ಬೆಂಕಿ ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಕೂಗು ನಿಂತಿತು.

ಸಂಜೆ ತಾಯಿಕುರಿಗಳು ಕೆಚ್ಚಲು ತುಂಬಿಕೊಂಡು ಬಂದವು. ಬೇಲಿಯಿದ್ದ ಜಾಗದಲ್ಲಿ ನಿಂತು ಮರಿಗಳನ್ನು ಕರೆದವು. ಊರಿಗೆಲ್ಲ ಕೇಳುತ್ತಿತ್ತು. ಗೌರಕ್ಕ ಮನೆಯೊಳಗೆ ಕಿವಿ ಮುಚ್ಚಿಕೊಂಡು ಕೂತಳು.

ಚಿನ್ನಕ್ಕ ಬೈಯಲಿಲ್ಲ. ಬೈದಿದ್ದರೆ ಗೌರಕ್ಕ ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. ಊರವರು ಬೇವಿನಕಟ್ಟೆಯ ಮೇಲೆ ಕೂತು ಮಾತಾಡುವ ಮುಂಚೆಯೇ ಗೌರಕ್ಕ ತನ್ನ ಮೇಕೆಗಳನ್ನೆಲ್ಲ ನರಸಿಂಹಯ್ಯನ ಬಾಗಿಲಿಗೆ ಕಟ್ಟಿ ಬಂದಳು. ನರಸಿಂಹಯ್ಯ ಹಗ್ಗ ಬಿಚ್ಚಿ ಒಳಗೆ ಹೊಡೆದುಕೊಂಡ. ಚಿನ್ನಕ್ಕ ಮಾತ್ರ ಅವತ್ತಿನಿಂದ ಗೌರಕ್ಕನನ್ನು ನೋಡಿದರೂ ನೋಡದವಳಂತಾದಳು.

ಗೌರಕ್ಕ ಓಬುಳಪತಿಗೆ ಹೇಳಿದಳು, "ಮರ ಕಡೀತೀನಿ ಗಾರ್ಡಪ್ಪ. ಆದ್ರೆ ಇನ್ನು ನನ್ನ ಕೈಲಿ ಬೆಂಕಿ ಹಚ್ಚಿಸ್ಬ್ಯಾಡಿ." ಅವನಿಗೂ ಮೇಲಿನವರಿಂದ ಬೈಗುಳ ಬಿದ್ದಿತ್ತು. ಇನ್ನು ಗುಡ್ಡದಲ್ಲಿ ಯಾವ ತಿಂಗಳಲ್ಲೂ ಯಾರೂ ಕಡ್ಡಿ ಗೀರುವಂತಿಲ್ಲ ಎಂದು ಹುಕುಂ ಬಂತು. ಸೀತಾರಾಮಪ್ಪನಿಗಂತೂ ಒಳ್ಳೆಯದೇ ಆಯಿತು. ಗುಡ್ಡೆ ಹಾಕಿ ಸುಡಲು ಆಳು ನಿಲ್ಲಿಸುವುದು ತಪ್ಪಿತು. ಹೀಗೆ ಮೂರು ಜನ ಮೂರು ಕಾರಣಕ್ಕೆ ಬೇಡವೆಂದರು. ಕೊಂಬೆಗಳು ಬಿದ್ದಲ್ಲೇ ಬಿದ್ದವು.

ಮುಂದಿನ ವರ್ಷಗಳಲ್ಲಿ ಗುಡ್ಡ ಬದಲಾದದ್ದು ಗುಡ್ಡದೊಳಗೆ ಓಡಾಡುವವರಿಗೆ ಮಾತ್ರ ಕಾಣುತ್ತಿತ್ತು. ದಟ್ಟ ಮರಗಳ ನೆರಳಿದ್ದಾಗ ಮೊಣಕಾಲೆತ್ತರ ಬರುತ್ತಿದ್ದ ಬಾದೆ ಹುಲ್ಲು, ಮರ ಹೋಗಿ ಬಿಸಿಲು ಬಿದ್ದಲ್ಲಿ ಎದೆಯೆತ್ತರಕ್ಕೆ ಎದ್ದಿತು. ಕಡಿದ ಬೊಡ್ಡೆಯ ಚಿಗುರನ್ನು ಮೇಕೆ ತಿಂದರೆ ಕಾಡು ಮತ್ತೆ ಬರುವುದಿಲ್ಲವೆಂದು ಇಲಾಖೆ ಕೂಪುಗಳಿಗೆ ಕುರಿಮೇಕೆ ಬಿಡುವುದನ್ನೂ ನಿಲ್ಲಿಸಿತ್ತು. ಅದು ತಪ್ಪೆಂದು ಹೇಳುವಂತಿರಲಿಲ್ಲ. ಚಿಗುರು ಚೆನ್ನಾಗಿಯೇ ಬರುತ್ತಿತ್ತು. ಆದರೆ ಹುಲ್ಲನ್ನು ತಿನ್ನುವವರೂ ಇಲ್ಲದಂತಾಯಿತು. ಒಣಹುಲ್ಲು, ಅದರೊಳಗೆ ಹಳೆಯ ಕೊಂಬೆಗಳು, ಅವುಗಳ ಮೇಲೆ ಮರುವರ್ಷದ ಹುಲ್ಲು. ನಡೆದರೆ ಕಾಲಡಿಯಲ್ಲಿ ಪಟಪಟ ಮುರಿಯುತ್ತಿತ್ತು.

ಹಳೆಯ ಕೂಪಿಗೂ ಹೊಸದಕ್ಕೂ ನಡುವೆ ಗಾಡಿದಾರಿಯಷ್ಟು ಅಗಲದ ಒಂದು ಪಟ್ಟಿಯನ್ನು ಹುಲ್ಲು ಕಿತ್ತು ಬೋಳು ಮಾಡಿ ಬಿಡುತ್ತಿದ್ದರು. ಬೆಂಕಿ ಬಂದರೆ ಅಲ್ಲಿ ನಿಲ್ಲಲಿ ಎಂದು. ಅದಕ್ಕೆ ಊರಲ್ಲಿ ಫೈರ್ ಲೈನು ಎಂದೇ ಹೆಸರು. ಎಂಬತ್ತೈದರ ಸುಗ್ಗಿಯಲ್ಲಿ ಲಾರಿ ಹತ್ತಲು ದಾರಿ ಬೇಕೆಂದು ಸೀತಾರಾಮಪ್ಪನ ಆಳುಗಳು ಕೊಂಬೆಗಳನ್ನೆಲ್ಲ ಎಳೆದು ಆ ಪಟ್ಟಿಯ ಮೇಲೆ ಎಸೆದರು. "ಇದನ್ನ ಎತ್ತಿಸ್ಬೇಕಲ್ಲ?" ಎಂದು ಗೌರಕ್ಕ ಕೇಳಿದಳು. "ಆಮ್ಯಾಕೆ ಎತ್ತಿಸಿದ್ರಾಯ್ತು ಬಿಡಮ್ಮ, ಲಾರಿ ಕಾಯ್ತಾ ಐತೆ" ಎಂದ ಡ್ರೈವರು. ಲಾರಿ ಹೋಯಿತು. ಸುಗ್ಗಿ ಮುಗಿಯಿತು. ಯಾರೂ ಎತ್ತಿಸಲಿಲ್ಲ. ಗೌರಕ್ಕನೂ ಮತ್ತೆ ಕೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಮಾಡಿನ ಹೊದಿಕೆಗೆ ಬಾದೆ ಹುಲ್ಲು ಕೊಯ್ಯಲು ಇಲಾಖೆ ಹೆಂಗಸರನ್ನು ಬಿಡುತ್ತಿತ್ತು. ಅವತ್ತು ಗುಡ್ಡದ ಪಡುವಣ ಮೈಗೆ ಹೋದವರು ಐದಾರು ಜನ. ಅವರಲ್ಲಿ ಗೌರಕ್ಕ, ಚಿನ್ನಕ್ಕ, ಮತ್ತು ಚಿನ್ನಕ್ಕನ ಸೋದರಸೊಸೆ ಮುನೆಮ್ಮ. ಮುನೆಮ್ಮ ಸೆಟ್ಟೂರಿನಿಂದ ಹೊಸದಾಗಿ ಮದುವೆಯಾಗಿ ಬಂದವಳು, ಕೈಯಲ್ಲಿ ಇನ್ನೂ ಮದುವೆಯ ಬಳೆ. ಚಿನ್ನಕ್ಕನಿಗೆ ಗೌರಕ್ಕನ ಹತ್ತಿರ ಏನಾದರೂ ಬೇಕಾದರೆ ಮುನೆಮ್ಮನಿಗೆ ಹೇಳುವಳು: "ಆ ಯಮ್ಮನ್ನ ಕೇಳು, ಹಗ್ಗ ಮಿಕ್ಕಿದ್ರೆ ಕೊಡ್ಲಿ." ಗೌರಕ್ಕ ಹಗ್ಗವನ್ನು ಮುನೆಮ್ಮನ ಕೈಗೆ ಕೊಡುವಳು. ಆರು ವರ್ಷದಿಂದ ಹಾಗೇ ನಡೆದಿತ್ತು. ಮಧ್ಯದವರು ಮಾತ್ರ ಬದಲಾಗುತ್ತಿದ್ದರು.

ಬಿಸಿಲು ನೆತ್ತಿಗೆ ಬಂದಿತ್ತು. ಮೊದಲು ಹಕ್ಕಿಗಳು ಸುಳಿವು ಕೊಟ್ಟವು. ಒಂದಷ್ಟು ನವಿಲು ಕೆಳಗಿನಿಂದ ಹಾರಿ ಅವರ ತಲೆಯ ಮೇಲೇ ಹಾದು ಹೋದವು. ಗೌರಕ್ಕ ನೆಟ್ಟಗೆ ನಿಂತಳು. ಹೊಗೆಯ ವಾಸನೆ. ಕೆಳಗೆ, ಹಳೆಯ ಕೂಪಿನ ಆಚೆ ಅಂಚಿನಲ್ಲಿ, ಬಿಳಿ ಹೊಗೆ ಎದ್ದು ಗಾಳಿಗೆ ಇವರ ಕಡೆಯೇ ಬಾಗಿತ್ತು.

"ಎಲ್ಲೋ ದೂರ ಬುಡಮ್ಮ," ಎಂದಳು ಒಬ್ಬಳು. "ಫೈರ್ ಲೈನು ಐತಲ್ಲ."

ಫೈರ್ ಲೈನಿನ ಮೇಲೆ ಏನು ಬಿದ್ದಿದೆಯೆಂದು ಗೌರಕ್ಕನಿಗೆ ಗೊತ್ತಿತ್ತು.

"ಹುಲ್ಲು ಬುಟ್ಬುಡಿ," ಎಂದಳು. "ಕುಡುಗೋಲು ಇಟ್ಕಳಿ. ಎಲ್ಲಾ ಒಂದು ಕಡೆ ಬನ್ನಿ."

ಅವರು ಕೂಡಿಕೊಳ್ಳುವಷ್ಟರಲ್ಲಿ ಬೆಂಕಿ ಪಟ್ಟಿಗೆ ಬಂದಿತ್ತು. ಒಂದು ಗಳಿಗೆ ಅಲ್ಲಿ ತಡೆದಂತೆ ಕಂಡಿತು. ಆಮೇಲೆ ಒಣಗಿ ಕೂತಿದ್ದ ಕೊಂಬೆಗಳ ರಾಶಿ ಒಮ್ಮೆಲೇ ಭಗ್ಗೆಂದು ಹತ್ತಿಕೊಂಡಿತು. ತಡೆಯಲೆಂದು ಬಿಟ್ಟ ಪಟ್ಟಿಯೇ ಬೆಂಕಿಗೆ ಸೇತುವೆಯಾಯಿತು. ಈಚೆಯ ಹುಲ್ಲಿಗೆ ಬಂದ ಬೆಂಕಿ ಮತ್ತೆ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಮೇಲಕ್ಕೆ, ಅವರ ಕಡೆಗೆ, ತಗಡು ಅಲ್ಲಾಡಿಸಿದಂಥ ಸದ್ದು ಮಾಡುತ್ತ ಏರತೊಡಗಿತು. ಊರಿಗಿಳಿಯುವ ದಾರಿ ಹೊಗೆಯೊಳಗೆ ಹೋಯಿತು.

ಮೇಲ್ಗಡೆ, ಎದೆಯೆತ್ತರದ ಹುಲ್ಲಿನ ಆಚೆ, ಒಂದು ಬಂಡೆಗಳ ಗುಂಪಿತ್ತು. ಎಲ್ಲರ ಕಣ್ಣೂ ಅಲ್ಲಿಗೆ ಹೋಯಿತು.

"ಪದ ಪದ, ನಡೀರಿ! ಬಂಡೆಗೆ ಓಡ್ರಿ!" ಎಂದಳು ಚಿನ್ನಕ್ಕ.

"ಬ್ಯಾಡ!" ಗೌರಕ್ಕ ಕೂಗಿದಳು. "ಅಷ್ಟು ದೂರ ಓಡಕ್ಕಾಗಲ್ಲ. ಹತ್ತೋರ ಕಾಲ್ಗಿಂತ ಬೆಂಕಿ ಬಿರುಸು. ಬಂಡೆ ಸಂದೀಲೂ ಹುಲ್ಲೇ ಐತೆ!"

"ಮತ್ತೆ ಏನ್ಮಾಡದು ಅತ್ತೆ?" ಮುನೆಮ್ಮ ಗೌರಕ್ಕನ ಸೆರಗು ಹಿಡಿದುಕೊಂಡಳು.

ಏನು ಮಾಡಬೇಕೆಂದು ಗೌರಕ್ಕನಿಗೆ ಗೊತ್ತಿತ್ತು. ಗುಡ್ಡೆ ಸುಡುವ ಕಾಲದಲ್ಲಿ ಪಕ್ಕದ ಹುಲ್ಲಿಗೆ ಬೆಂಕಿ ತಗಲದಿರಲಿ ಎಂದು ಆ ಹುಲ್ಲನ್ನೇ ಮೊದಲು ಸುಟ್ಟು ಕಪ್ಪು ಮಾಡುತ್ತಿದ್ದಳು. ಒಮ್ಮೆ ಸುಟ್ಟ ನೆಲದ ಮೇಲೆ ಬೆಂಕಿಗೆ ತಿನ್ನಲು ಏನೂ ಇರುವುದಿಲ್ಲ. ಇಲ್ಲೇ, ತಮ್ಮ ಮುಂದಿನ ಹುಲ್ಲಿಗೆ ಬೆಂಕಿಯಿಟ್ಟು, ಅದು ಸುಟ್ಟು ಸರಿದ ಮೇಲೆ ಆ ಕಪ್ಪಿನಲ್ಲಿ ಹೋಗಿ ಮಲಗಬೇಕು. ಗೊತ್ತಿತ್ತು, ಕೈ ಮಾತ್ರ ಏಳಲಿಲ್ಲ. ಕಿವಿಯಲ್ಲಿ ಮರಿಗಳ ಕೂಗು.

ಅವಳು ಚಿನ್ನಕ್ಕನ ಕಡೆ ತಿರುಗಿದಳು. "ಚಿನ್ನಕ್ಕ, ಬೆಂಕಿಪೊಟ್ಟಣ ಕೊಡು."

ಚಿನ್ನಕ್ಕನ ಕೈ ಎಲೆಯಡಿಕೆ ಚೀಲವನ್ನು ಗಟ್ಟಿಯಾಗಿ ಹಿಡಿಯಿತು. ಆರು ವರ್ಷದ ಮೇಲೆ ಮೊದಲ ಸಲ ಅವಳು ಗೌರಕ್ಕನ ಮುಖ ನೋಡಿ ಮಾತಾಡಿದಳು.

"ನಿನ್ನ ಕೈಗೆ ಬೆಂಕಿ ಕೊಡ್ಲಾ? ನಿನ್ನ ಕೈಗೆ?"

"ಇಲ್ಲಿ ಸುಟ್ಟು ಕಪ್ಪು ಮಾಡ್ತೀನಿ, ಅದರ ಮ್ಯಾಗೆ ನಿಂತ್ಕಂಡ್ರೆ ಬದುಕ್ತೀವಿ. ನನ್ನ ಮಾತು ಕೇಳು!"

"ಅವತ್ತೂ ಆರೋಗೈತೆ ಅಂತ್ಲೇ ಬಂದ್ಬುಟ್ಟೆ ನೀನು."

"ಹೂಂ," ಎಂದಳು ಗೌರಕ್ಕ. "ಬಂದ್ಬುಟ್ಟೆ. ಈಗ ಕೊಡು."

ಬೆಂಕಿಯ ಬಿಸಿ ಮುಖಕ್ಕೆ ಬಡಿಯತೊಡಗಿತ್ತು. ಚಿನ್ನಕ್ಕ ಚೀಲದಿಂದ ಪೊಟ್ಟಣವನ್ನು ತೆಗೆದು ನೆಲಕ್ಕೆ ಎಸೆದಳು. "ನೀನು ಹಚ್ಚಿದ್ರಾಗೆ ನಾನು ನಿಲ್ಲಲ್ಲ" ಎಂದು ಮುನೆಮ್ಮನ ಕೈ ಹಿಡಿದು ಬಂಡೆಯ ಕಡೆ ಎಳೆದಳು. ಗೌರಕ್ಕ ಮುನೆಮ್ಮನ ಇನ್ನೊಂದು ಕೈ ಹಿಡಿದಳು. ಹುಡುಗಿ ಇಬ್ಬರ ನಡುವೆ ಅತ್ತ ಇತ್ತ ನೋಡಿ, ಅಳುತ್ತ, ಚಿನ್ನಕ್ಕನ ಕೈಯಿಂದ ಬಿಡಿಸಿಕೊಂಡಳು. ಬಳೆಗಳು ಒಡೆದವು. ಚಿನ್ನಕ್ಕ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಒಬ್ಬಳೇ ಹುಲ್ಲಿನೊಳಕ್ಕೆ ನುಗ್ಗಿ ಮೇಲಕ್ಕೆ ಓಡಿದಳು.

ಗೌರಕ್ಕ ಪೊಟ್ಟಣ ಎತ್ತಿಕೊಂಡಳು. ಹಚ್ಚುವಂತಿರಲಿಲ್ಲ. ಈಗ ಹಚ್ಚಿದರೆ ತನ್ನ ಬೆಂಕಿಯೂ ಮೇಲಕ್ಕೇ ಏರುತ್ತದೆ, ಚಿನ್ನಕ್ಕನ ಬೆನ್ನ ಹಿಂದೆಯೇ. ಹಚ್ಚದಿದ್ದರೆ ಇಲ್ಲಿರುವವರು ಉಳಿಯುವುದಿಲ್ಲ. ಅವಳು ಹೆಂಗಸರನ್ನು ತಳ್ಳಿಕೊಂಡು ಪಕ್ಕಕ್ಕೆ ಓಡಿದಳು, ಬಂಡೆಗಳ ನೇರ ತಪ್ಪಿಸಲು. "ಚಿನ್ನಕ್ಕಾ, ಬಿರ್ನೆ ಹತ್ತು! ಬಿರ್ನೆ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಹುಲ್ಲಿನ ಮೇಲೆ ಚಿನ್ನಕ್ಕನ ತಲೆ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಹಿಂದೆ ಒಬ್ಬಳು, "ಹಚ್ಚೇ ಗೌರೀ, ಹಚ್ಚೇ, ಸುಡ್ತಾ ಐತೆ!" ಎಂದು ಅವಳ ಬೆನ್ನಿಗೆ ಗುದ್ದುತ್ತಿದ್ದಳು. ಗೌರಕ್ಕ ಕಾಯ್ದಳು. ಇನ್ನು ಆಗುವುದಿಲ್ಲ ಎನ್ನುವವರೆಗೂ ಕಾಯ್ದಳು.

ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು ಮುರಿಯಿತು. ಮುನೆಮ್ಮ ಬಾಗಿ ಸೆರಗನ್ನು ಅಡ್ಡ ಹಿಡಿದಳು. ಮತ್ತೊಂದು ಹತ್ತಿತು. ಹುಲ್ಲಿನ ಬುಡಕ್ಕೆ ಹಿಡಿದ ಕೂಡಲೇ ಅದು ಸೊರ್ರನೆ ಎದ್ದು ಮೇಲಕ್ಕೆ ಓಡಿತು.

"ಒಳಕ್ಕೆ! ನಡೀರಿ ಒಳಕ್ಕೆ!"

ಇನ್ನೂ ಸಣ್ಣಗೆ ಉರಿಯುತ್ತಿದ್ದ ಅಂಚನ್ನು ದಾಟಿ ಅವರು ಕಪ್ಪಿನೊಳಕ್ಕೆ ಹಾರಿದರು. ಅಂಗಾಲು ಸುಟ್ಟಿತು. ಗೌರಕ್ಕ ಒಬ್ಬೊಬ್ಬರನ್ನೂ ಕತ್ತು ಹಿಡಿದು ಬೋರಲು ಮಲಗಿಸಿದಳು, ಸೆರಗನ್ನು ಬಾಯಿಗೆ ತುರುಕಿದಳು, ಮುನೆಮ್ಮನ ಮೇಲೆ ತಾನೇ ಅಡ್ಡ ಬಿದ್ದಳು. ದೊಡ್ಡ ಬೆಂಕಿ ಬಂತು. ಎರಡೂ ಪಕ್ಕದಲ್ಲಿ ಗೋಡೆಯಂತೆ ಹಾದುಹೋಯಿತು. ಉಸಿರಾಡಲು ಗಾಳಿಯೇ ಇರಲಿಲ್ಲ. ಯಾರೋ "ದೇವುಡಾ ದೇವುಡಾ" ಎನ್ನುತ್ತಿದ್ದರು, ಅದೂ ನಿಂತಿತು. ಮುನೆಮ್ಮನ ಎದೆ ತನ್ನ ಕೆಳಗೆ ಹೊಡೆದುಕೊಳ್ಳುತ್ತಿರುವುದು ಮಾತ್ರ ಗೌರಕ್ಕನಿಗೆ ಗೊತ್ತಾಗುತ್ತಿತ್ತು.

ಸದ್ದು ಮೇಲಕ್ಕೆ ಹೋಗಿ ಗುಡ್ಡದ ನೆತ್ತಿ ದಾಟಿತು. ತಲೆಯೆತ್ತಿದಾಗ ಎಲ್ಲರ ಮುಖವೂ ಕಪ್ಪಾಗಿತ್ತು, ಎಲ್ಲರೂ ಉಸಿರಾಡುತ್ತಿದ್ದರು.

ಗೌರಕ್ಕ ಬಿಸಿ ಬೂದಿಯ ಮೇಲೆಯೇ ಬಂಡೆಗಳ ಕಡೆ ಹತ್ತಿದಳು. ಚಿನ್ನಕ್ಕ ಎರಡು ಬಂಡೆಗಳ ಸಂದಿಯಲ್ಲಿ ಮುದುಡಿ ಬಿದ್ದಿದ್ದಳು. ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು. ಮುಖ ಉಳಿದಿತ್ತು. ಕೈಗಳನ್ನು ನೋಡಿ ಗೌರಕ್ಕ ಕೂತುಬಿಟ್ಟಳು.

"ಯಾರ್ಯಾರು ಹೋದ್ರು?" ಎಂದಳು ಚಿನ್ನಕ್ಕ, ಕಣ್ಣು ಬಿಡದೆ.

"ಯಾರೂ ಇಲ್ಲ ಕಣಕ್ಕ. ಎಲ್ಲಾ ಅವ್ರೆ."

"ಮುನೆಮ್ಮ?"

"ಅವ್ಳೆ."

ಊರವರು ಬಂದು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಓಬುಳಪತಿ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯೊಂದನ್ನು ತಡೆದು ಕಲ್ಯಾಣದುರ್ಗದ ಆಸ್ಪತ್ರೆಗೆ ಕಳಿಸಿದ.

ಮೂರನೆಯ ದಿನ ರೇಂಜರು ಜೀಪಿನಲ್ಲಿ ಬಂದ. ಹೊಸ ಚಿಗುರಿನ ಕೂಪುಗಳೆಲ್ಲ ಸುಟ್ಟುಹೋಗಿದ್ದವು, ನೆತ್ತಿಯ ಹಳೆಯ ಕಮರಗಳು ನಿಂತಲ್ಲೇ ಕರಿಯಾಗಿದ್ದವು; ಹೊಣೆ ಹೊರಿಸಲು ಯಾರಾದರೂ ಸಿಗಬೇಕಿತ್ತು. ಬೇವಿನಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೂ ಕೇಳಿದ. ಗುಡ್ಡದಲ್ಲಿ ಕಡ್ಡಿ ಗೀರಿದವರು ಯಾರು?

"ನಾನೇ," ಎಂದಳು ಗೌರಕ್ಕ.

"ಬೆಂಕಿಪೊಟ್ಟಣ ಯಾರದು?"

"ನಂದೇ."

ಅವಳಿಗೆ ಬೀಡಿಯ ಅಭ್ಯಾಸವಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ನರಸಿಂಹಯ್ಯ ತಲೆ ತಗ್ಗಿಸಿ ನೆಲ ಕೆದರುತ್ತಿದ್ದ. ಓಬುಳಪತಿ ಮುಂದೆ ಬಂದು ಹೇಳಿದ, "ಸಾರ್, ಆಯಮ್ಮ ಹಚ್ಚಿದ್ದು ಆಮೇಲೆ. ಮೊದಟಿ ಬೆಂಕಿ ಹಳೆ ಕೂಪಿನ ಆ ಕಡೆಯಿಂದ ಬಂತು. ಜೇನು ಕಿತ್ತೋರ ಪಂಜು ಅಲ್ಲೇ ಬಿದ್ದಿದೆ, ಚೂಪಿಸ್ತಾನು, ಬನ್ನಿ ತೋರಿಸ್ತೀನಿ." ರೇಂಜರು ಹೋಗಿ ನೋಡಿದ. ಅರ್ಧ ಸುಟ್ಟ ಪಂಜು ಇತ್ತು. ಪಂಜಿನವರು ಯಾರೆಂದು ಗೊತ್ತಾಗಲಿಲ್ಲ. ಫೈರ್ ಲೈನಿನ ಮೇಲೆ ಕೊಂಬೆಗಳ ಬೂದಿ ದಪ್ಪಗೆ ಬಿದ್ದಿದ್ದನ್ನೂ ನೋಡಿದ. ಅದರ ಬಗ್ಗೆ ಓಬುಳಪತಿಯನ್ನು ಕೇಳಿದಾಗ ಅವನು, "ನಾನು ಎತ್ತಿಸಬೇಕಾಗಿತ್ತು ಸಾರ್" ಎಂದು ಒಪ್ಪಿಕೊಂಡ. ಗೌರಕ್ಕ, "ನಾನೂ ಕಂಡು ಸುಮ್ನಿದ್ದೆ" ಎಂದಳು. ಸೀತಾರಾಮಪ್ಪ ಅವತ್ತು ಬರಲಿಲ್ಲ.

ಆದರೆ ಚಿನ್ನಕ್ಕನ ಕೈ ಸುಟ್ಟಿದ್ದು ಯಾವ ಬೆಂಕಿಯಿಂದ ಎಂಬ ಪ್ರಶ್ನೆ ಉಳಿಯಿತು. ಗೌರಕ್ಕ ಹಚ್ಚಿದ್ದರಿಂದಲೇ ಎಂದಾದರೆ ಅದು ಬೇರೆಯದೇ ಕೇಸು. ರೇಂಜರು ಕಲ್ಯಾಣದುರ್ಗದ ಆಸ್ಪತ್ರೆಗೆ ಹೋದ. ಜೀಪಿನ ಹಿಂದೆ ಗೌರಕ್ಕನನ್ನೂ ಕೂರಿಸಿಕೊಂಡ. ಚಿನ್ನಕ್ಕ ಏನು ಹೇಳಿದರೂ ಇಲ್ಲವೆನ್ನಬಾರದೆಂದು ಅವಳು ನಿಶ್ಚಯಿಸಿಕೊಂಡಿದ್ದಳು. ನಿಜ ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ.

ಚಿನ್ನಕ್ಕನ ಕೈಗಳಿಗೆ ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. ರೇಂಜರು ತೆಲುಗಿನಲ್ಲಿ ಕೇಳಿದ, ಅವಳು ಕನ್ನಡದಲ್ಲಿ ಉತ್ತರಿಸಿದಳು.

"ಬೆಂಕಿಪೊಟ್ಟಣ ನಂದು. ನಾನೇ ಕೊಟ್ಟಿದ್ದು."

"ನಿನ್ನ ಕೈ ಯಾವ ಬೆಂಕಿಯಿಂದ ಸುಟ್ಟಿತು? ಇವಳು ಹಚ್ಚಿದ್ದರಿಂದಲೋ, ಮೊದಲನೆಯದರಿಂದಲೋ?"

ಚಿನ್ನಕ್ಕ ಬಾಗಿಲಲ್ಲಿ ನಿಂತ ಗೌರಕ್ಕನನ್ನು ನೋಡಿದಳು. ಗೌರಕ್ಕ ಕಣ್ಣು ತಗ್ಗಿಸಲಿಲ್ಲ.

"ಎರಡೂ ಬಂದ್ವು ಸಾಮಿ. ಯಾವ್ದು ನೀನು ಅಂತ ಹೆಸ್ರು ಕೇಳ್ಲಿಲ್ಲ ನಾನು."

ರೇಂಜರು ಇನ್ನೆರಡು ಸಲ ಕೇಳಿದ, ಅದೇ ಉತ್ತರ ಬಂತು. ಅವನು ಎದ್ದು ಹೋದ. ಕೇಸು ಆಗಲಿಲ್ಲ, ಆ ವರ್ಷ ಗುಡ್ಡಂಪಲ್ಲಿಯ ಹೆಂಗಸರನ್ನು ಹುಲ್ಲಿಗೆ ಬಿಡಲಿಲ್ಲ, ಅಷ್ಟೇ. ಓಬುಳಪತಿಗೆ ಮಾತ್ರ ಬಡ್ತಿ ತಪ್ಪಿತು.

ರೇಂಜರು ಹೋದ ಮೇಲೆ ಗೌರಕ್ಕ ಮಂಚದ ಹತ್ತಿರ ಬಂದು ನಿಂತಳು. ನೀರು ಬೇಕೇ ಎಂದು ಕೇಳಿದಳು. ಚಿನ್ನಕ್ಕ ಬೇಕೆಂದಳು. ಕುಡಿಸಿದ ಮೇಲೆ ಹೇಳಿದಳು:

"ಮರಿಗಳ ಕೂಗು ನಂಗಿನ್ನೂ ಕೇಳುಸ್ತದೆ. ಅದು ಹೋಗಲ್ಲ ಕಣೆ, ಹೋಯ್ತು ಅಂದ್ಕೋಬ್ಯಾಡ. ಮುನೆಮ್ಮ ಉಳ್ಕಂಡ್ಳು, ಅದೂ ಸುಳ್ಳಲ್ಲ. ಎರಡನ್ನೂ ಏನ್ಮಾಡ್ಲಿ ನಾನು?"

ಗೌರಕ್ಕ, "ನಂಗೂ ಗೊತ್ತಿಲ್ಲ" ಎಂದಳು. ಸೊಳ್ಳೆ ಓಡಿಸುತ್ತ ಅವಳ ಪಕ್ಕದಲ್ಲೇ ಕೂತಳು. ನರಸಿಂಹಯ್ಯ ಊಟ ತರುವವರೆಗೂ ಕೂತಿದ್ದಳು.

ಚಿನ್ನಕ್ಕನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ವಾಸಿಯಾದವು. ಕೊಡಲಿ ಹಿಡಿಯಲಾಗಲಿಲ್ಲ, ಗಂಟು ಕಟ್ಟಲಾಗಲಿಲ್ಲ. ಮುನೆಮ್ಮ ಅವಳ ತಲೆ ಬಾಚಿ, ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದಳು.

ಆ ವರ್ಷದ ಕೊನೆಯಲ್ಲಿ, ಉಳಿದ ಕೂಪಿನ ಕಡಿತ ಮುಗಿದಾಗ, ಓಬುಳಪತಿ ಗೌರಕ್ಕನ ಮನೆಗೆ ಬಂದ. ಮೇಲಿನವರು ಈಗ ಗುಡ್ಡೆ ಹಾಕಿ ಸುಡಲು ಒಪ್ಪಿದ್ದರು. "ಗೌರಕ್ಕ, ಈಸಾರಿ ಮನಮೇ ಕಾಲ್ಚಾಲ, ನಾವೇ ಸುಡಬೇಕು. ನೀನು ಬರದೆ ಇದ್ರೆ ಆಳುಗಳು ಬರಲ್ಲ ಅಂತಾರೆ."

"ನಾನು ಬರಾಕಿಲ್ಲ ಗಾರ್ಡಪ್ಪ."

"ಮತ್ತೆ ಕೊಂಬೆ ಹಂಗೇ ಬಿಡೋಣಾ?"

ಅವಳು ಮೊರದಲ್ಲಿದ್ದ ರಾಗಿಯನ್ನು ಕೇರುತ್ತಲೇ ಇದ್ದಳು. ಕೊನೆಗೆ ಅವಳು ಮೊರ ಕೆಳಗಿಟ್ಟು ತನ್ನ ಕರಾರು ಹೇಳಿದಳು. ಹಚ್ಚಿದ ದಿನವಷ್ಟೇ ಅಲ್ಲ, ಮರುದಿನವೂ ಆಳುಗಳು ಅಲ್ಲೇ ಇರಬೇಕು. ಪ್ರತಿ ಗುಡ್ಡೆಯ ಬೂದಿಯೊಳಗೂ ಕೈಯಿಟ್ಟು ನೋಡಬೇಕು, ತಾನೂ ಇಡುತ್ತೇನೆ, ಗಾರ್ಡೂ ಇಡಬೇಕು. ಗಾಳಿ ಎದ್ದರೆ ಅರ್ಧಕ್ಕೇ ನಿಲ್ಲಿಸಬೇಕು, ಯಾರು ಏನೇ ಹೇಳಲಿ. ಓಬುಳಪತಿ ಎಲ್ಲಕ್ಕೂ ತಲೆಯಾಡಿಸಿದ.

ಸುಡುವ ದಿನ ಗೌರಕ್ಕ ಕೂಪಿಗೆ ಹೋದಾಗ ಕೆಳಗೆ ರೊಪ್ಪದ ಮುಂದೆ ಚಿನ್ನಕ್ಕ ಕೂತಿದ್ದಳು. ಸುತ್ತ ತುಂಬಿದ ಕೊಡಗಳು, ಪಕ್ಕದಲ್ಲಿ ಮುನೆಮ್ಮ. ಮರಿಗಳನ್ನೆಲ್ಲ ಊರೊಳಗೆ ಹೊಡೆಸಿದ್ದಳು.

"ಏನಕ್ಕ, ಬಂದ್ಬುಟ್ಟೆ?" ಎಂದಳು ಗೌರಕ್ಕ.

"ನಿನ್ನ ಮ್ಯಾಲೆ ನಂಬಿಕೆ ಇಲ್ಲ ಕಣೆ, ಅದಕ್ಕೇ ಬಂದೆ."

"ಒಳ್ಳೇದು. ಕೂತಿರು."

ಅಲ್ಲಿಂದ ಮುಂದೆ ಪ್ರತಿ ಪುಷ್ಯದಲ್ಲೂ ಹಾಗೇ. ಮೇಲೆ ಗೌರಕ್ಕ ಸುಡುವಳು, ಕೆಳಗೆ ಚಿನ್ನಕ್ಕ ಕಾಯುವಳು. ಮಧ್ಯಾಹ್ನ ರೊಪ್ಪದ ಹತ್ತಿರ ಬುತ್ತಿ ಬಿಚ್ಚುವಾಗ ಗೌರಕ್ಕ ಮುದ್ದೆ ಮುರಿದು ಅವಳ ಬಾಯಿಗಿಡುವಳು. ಹಳೆಯ ಸಲಿಗೆ ಪೂರ್ತಿ ಬರಲಿಲ್ಲ. ಜಗಳಕ್ಕಂತೂ ಕೊರತೆಯಿರಲಿಲ್ಲ.

ತೊಂಬತ್ತರ ದಶಕದಲ್ಲಿ ನೆಮಲಿಗುಡ್ಡದ ಕೂಪುಗಳು ನಿಂತವು. ಹಿಂದೂಪುರದ ಒಲೆಗಳಿಗೆ ಹೊಲದ ಬದುವಿನ ಜಾಲಿ ಹೋಗತೊಡಗಿತು. ಕೊಂಡಪ್ಪ ಡಿಪೋ ಬಿಟ್ಟು ಊರಿಗೆ ಬಂದ. ಮಾಡುಗಳಿಗೆ ಹೆಂಚು, ತಗಡು ಬಂದು ಬಾದೆ ಹುಲ್ಲು ಯಾರಿಗೂ ಬೇಡವಾಯಿತು. ಕೊಯ್ಯುವವರಿಲ್ಲದೆ ಅದು ಮತ್ತೆ ಎದೆಯೆತ್ತರ ನಿಂತಿತು. ಮರ ಕಡಿಯದಿದ್ದರೂ ಫೈರ್ ಲೈನಿನ ಅಂಚಿನ ಹುಲ್ಲನ್ನು ಚಳಿಗಾಲದಲ್ಲಿ ಸುಡುವ ಕೆಲಸ ಉಳಿಯಿತು, ಅದಕ್ಕೆ ಗೌರಕ್ಕನನ್ನೇ ಕರೆಯುತ್ತಿದ್ದರು. ಓಬುಳಪತಿ ವರ್ಗವಾಗಿ ಹೋಗಿದ್ದ. ಅವನ ಜಾಗಕ್ಕೆ ಬಂದ ಹೊಸ ಗಾರ್ಡಿಗೆ ಎಲ್ಲದರಲ್ಲೂ ಅವಸರ.

ತೊಂಬತ್ತಾರರ ಪುಷ್ಯದಲ್ಲಿ ಒಂದು ಬೆಳಿಗ್ಗೆ ಅರ್ಧ ಪಟ್ಟಿ ಸುಡುವಷ್ಟರಲ್ಲಿ ಗೌರಕ್ಕನ ಸೆರಗು ಮೆಲ್ಲಗೆ ಹಾರಿತು. ಅವಳು ಕೈಯೆತ್ತಿದಳು.

"ಸಾಕು. ಆರುಸ್ರಿ."

"ಇನ್ನೂ ಅರ್ಧ ಐತಲ್ಲಮ್ಮ," ಎಂದ ಗಾರ್ಡು. "ನಾಳೆ ಸಾಹೇಬ್ರು ನೋಡಕ್ಕೆ ಬತ್ತಾರೆ."

"ಬರ್ಲಿ. ಅರ್ಧ ನೋಡ್ಲಿ."

ಅವನು ಗೊಣಗಿದ, ಆಕಾಶ ನೋಡಿದ, ಗಾಳಿಯೇ ಇಲ್ಲವೆಂದು ವಾದಿಸಿದ. ಗೌರಕ್ಕ ಕೇಳಿಸಿಕೊಳ್ಳದೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಅಂಚಿನ ಉರಿಯನ್ನು ಬಡಿಯತೊಡಗಿದಳು. ಆಳುಗಳೂ ಸಾಲಾಗಿ ನಿಂತು ಬಡಿದರು. ಕೆಳಗಿನಿಂದ ಚಿನ್ನಕ್ಕನ ಕೂಗು ಕೇಳಿತು, ಇನ್ನೂ ಎಷ್ಟು ಹೊತ್ತು ಕೂರಬೇಕೆಂದು.

"ಬೂದಿ ತಣ್ಣಗಾಗೋಗಂಟ!" ಎಂದು ಗೌರಕ್ಕ ಕೂಗಿ ಹೇಳಿದಳು. ಗಾರ್ಡು ಟೋಪಿ ತೆಗೆದು ಕಲ್ಲಿನ ಮೇಲಿಟ್ಟು, ಕೊನೆಗೆ ತಾನೂ ಒಂದು ಕೊಂಬೆ ಮುರಿದುಕೊಂಡು ಸಾಲಿಗೆ ಸೇರಿದ.